ಜೀವಿಗಳು ಕವಲೊಡೆದ ಕಾಲವನ್ನು ಡಿಎನ್‌ಎಯಿಂದ ಎಣಿಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಸಂಗತಿ ಪಾಠವಿಲ್ಲದೆಯೇ ತಿಳಿದಿರುತ್ತದೆ. ನಮ್ಮ ‘ಹಾಲು’ ಮಲಯಾಳದಲ್ಲಿ ‘ಪಾಲ್’, ನಮ್ಮ ‘ಹಲ್ಲು’ ಅಲ್ಲಿ ‘ಪಲ್ಲ್’. ಹಳಗನ್ನಡದಲ್ಲಿ ನಮ್ಮದೂ ‘ಪಾಲ್’ ಎಂದೇ ಇತ್ತು. ಒಂದೇ ಮೂಲದ ನುಡಿಗಳು ಬೇರೆಯಾದ ಬಳಿಕ ಅಕ್ಷರಗಳು ಬದಲಾದವು. ಜೀವಿಗಳ ಡಿಎನ್‌ಎಯಲ್ಲಿಯೂ ಇಂತಹ ಬದಲಾವಣೆಗಳು ಸಂಗ್ರಹವಾಗುತ್ತವೆ. ಅವುಗಳನ್ನು ಎಣಿಸಿ, ಎರಡು ಪ್ರಭೇದಗಳು ಯಾವ ಕಾಲದಲ್ಲಿ ಕವಲೊಡೆದವೆಂದು ಅಂದಾಜಿಸುವ ವಿಧಾನವನ್ನು ಇಲ್ಲಿ ವಿವರಿಸುತ್ತೇವೆ.

ಡಿಎನ್‌ಎ ಬರಹಕ್ಕೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಬದಲಾವಣೆಗಳು ಸರಿಸುಮಾರು ಒಂದೇ ವೇಗದಲ್ಲಿ ಕೂಡುತ್ತಾ ಹೋದರೆ ಅವುಗಳ ಎಣಿಕೆಯೇ ಗಡಿಯಾರವಾಗಬಲ್ಲದು ಎಂಬ ವಿಚಾರವನ್ನು 1960ರ ದಶಕದಲ್ಲಿ ಎಮಿಲ್ ಜುಕರ್‌ಕಾಂಡ್ಲ್ ಮತ್ತು ಲೈನಸ್ ಪಾಲಿಂಗ್ ಮಂಡಿಸಿದರು. ಇದೇ ‘ಅಣು ಗಡಿಯಾರ’.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಎರಡು ಪ್ರಭೇದಗಳ ಒಂದೇ ಜೀನಿನ 1000 ಅಕ್ಷರಗಳನ್ನು ಸಾಲಾಗಿ ಹೊಂದಿಸಿದಾಗ 80 ಕಡೆ ವ್ಯತ್ಯಾಸ ಕಂಡಿತೆನ್ನಿ, ಅಂದರೆ ಶೇ. 8. ಪ್ರತಿಯೊಂದು ಕವಲೂ 10 ಲಕ್ಷ ವರ್ಷಕ್ಕೆ ಶೇ. 1ರಷ್ಟು ಬದಲಾಗುತ್ತದೆಂದು ಇಟ್ಟುಕೊಂಡರೆ, ಎರಡೂ ಕವಲುಗಳು ಸೇರಿ ಶೇ. 2. ಎಂಟನ್ನು ಎರಡರಿಂದ ಭಾಗಿಸಿದರೆ ನಾಲ್ಕು. ಕವಲೊಡೆದು 40 ಲಕ್ಷ ವರ್ಷ.

ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಪೂರ್ಣವಲ್ಲ. ಒಂದೇ ಸ್ಥಾನದಲ್ಲಿ ಎ ಹೋಗಿ ಜಿ ಬಂದು, ಮತ್ತೆ ಜಿ ಹೋಗಿ ಟಿ ಬಂದರೆ, ನಡೆದದ್ದು ಎರಡು ಬದಲಾವಣೆ, ಕಾಣುವುದು ಒಂದೇ. ಇದನ್ನು ಸರಿಪಡಿಸಲು 1969ರಲ್ಲಿ ಜ್ಯೂಕ್ಸ್ ಮತ್ತು ಕ್ಯಾಂಟರ್ ಒಂದು ಸೂತ್ರ ಕೊಟ್ಟರು. ಅದರಂತೆ ಶೇ. 8 ಎಂಬುದು ಸುಮಾರು ಶೇ. 8.5 ಆಗುತ್ತದೆ, ಕಾಲವೂ ಸುಮಾರು 42 ಲಕ್ಷ ವರ್ಷಕ್ಕೆ ಏರುತ್ತದೆ. ನೂರಾರು ಪ್ರಭೇದಗಳಿಗೆ, ಸಾವಿರಾರು ಅಕ್ಷರಗಳಿಗೆ ಇದನ್ನು ಕೈಯಿಂದ ಮಾಡಲಾಗದು. ಆದ್ದರಿಂದ ‘ಮೆಗಾ’, ‘ಬೀಸ್ಟ್’ ಮೊದಲಾದ ತಂತ್ರಾಂಶಗಳನ್ನು ಬಳಸುತ್ತಾರೆ. ಇವೆರಡೂ ಉಚಿತವಾಗಿ ದೊರೆಯುತ್ತವೆ. ಪ್ರತಿ ಕವಲಿಗೂ ಬೇರೆ ವೇಗವಿರಬಹುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೌಲಭ್ಯವೂ ‘ಬೀಸ್ಟ್’ನಲ್ಲಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೇಲಿನ ಲೆಕ್ಕದಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೆ ಉತ್ತರ ಇಮ್ಮಡಿಯಾಗುತ್ತದೆ. ವೇಗವನ್ನು ತಂತ್ರಾಂಶವು ಡಿಎನ್‌ಎ ಒಂದರಿಂದಲೇ ಕಂಡುಹಿಡಿಯಲಾರದು. ಕಾಲ ತಿಳಿದಿರುವ ಪಳೆಯುಳಿಕೆಗಳ ನೆರವಿನಿಂದ ಗಡಿಯಾರದ ಮುಳ್ಳನ್ನು ನಾವೇ ಹೊಂದಿಸಿಕೊಡಬೇಕು. ಆದ್ದರಿಂದಲೇ ಪ್ರಾಮಾಣಿಕ ಉತ್ತರವು ಒಂದೇ ಸಂಖ್ಯೆಯಾಗಿರದೆ, ‘ಇಷ್ಟರಿಂದ ಇಷ್ಟರವರೆಗೆ’ ಎಂಬ ವ್ಯಾಪ್ತಿಯಾಗಿರುತ್ತದೆ.

ಈ ವಿಧಾನದ ಫಲವೊಂದು ಕೇರಳದಲ್ಲಿಯೇ ಇದೆ. ವರ್ಷದ ಬಹುಭಾಗವನ್ನು ಮಣ್ಣಿನೊಳಗೆ ಕಳೆದು, ಮಳೆಗಾಲದ ಕೆಲವು ದಿನ ಮಾತ್ರ ಹೊರಬರುವ ನೇರಳೆ ಕಪ್ಪೆಯನ್ನು 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸೈಟ್ ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಅದು ದೊರೆತದ್ದು ಇಡುಕ್ಕಿ ಜಿಲ್ಲೆಯಲ್ಲಿ. ಡಿಎನ್‌ಎ ಹೋಲಿಸಿದಾಗ ಅದರ ಹತ್ತಿರದ ಬಂಧುಗಳು ಕಡಲಾಚೆಯ ಸೀಶೆಲ್ಸ್ ದ್ವೀಪಗಳ ಪುಟ್ಟ ಕಪ್ಪೆಗಳೆಂದು ತಿಳಿಯಿತು. ಇವು ಕವಲೊಡೆದು 10 ಕೋಟಿಗೂ ಹೆಚ್ಚು ವರ್ಷಗಳಾಗಿವೆ ಎಂಬುದು ಅಂದಾಜು. ಭಾರತದ ಭೂಭಾಗವು ಸೀಶೆಲ್ಸ್‌ನಿಂದ ಬೇರ್ಪಟ್ಟದ್ದು ಸುಮಾರು 6.5 ಕೋಟಿ ವರ್ಷಗಳ ಹಿಂದೆ. ಅಂದರೆ ನೆಲ ಒಡೆಯುವುದಕ್ಕೆ ಮೊದಲೇ ವಂಶ ಒಡೆದಿತ್ತು. ಒಂದು ಪ್ರಭೇದ ಅಳಿದರೆ ಎಷ್ಟು ದೀರ್ಘ ಇತಿಹಾಸ ಅಳಿಯುತ್ತದೆಂಬುದನ್ನು ಈ ಗಡಿಯಾರವು ತೋರಿಸುತ್ತದೆ.

ಕನ್ನಡದಲ್ಲಿ ಓದಿದ ಮಗುವಿಗೆ ಇಂತಹ ವಿಜ್ಞಾನ ಎಟುಕದೆಂಬ ಅಂಜಿಕೆ ಅನೇಕ ಪೋಷಕರಲ್ಲಿದೆ. ತಂತ್ರಾಂಶದ ಗುಂಡಿಗಳ ಮೇಲೆ ಇಂಗ್ಲಿಷ್ ಇದೆ, ನಿಜ. ಆ ಪದಗಳನ್ನು ಕಲಿಯಲೇಬೇಕು. ಆದರೆ ಹೋಲಿಸುವುದು, ಎಣಿಸುವುದು, ಭಾಗಿಸುವುದು, ಉತ್ತರವು ಯಾವ ಊಹೆಯ ಮೇಲೆ ನಿಂತಿದೆಯೆಂದು ಪ್ರಶ್ನಿಸುವುದು – ಇವು ಯಾವ ಭಾಷೆಯಲ್ಲಿ ಅರ್ಥವಾಗುತ್ತವೆಯೋ ಆ ಭಾಷೆಯಲ್ಲಿಯೇ ಗಟ್ಟಿಯಾಗುತ್ತವೆ. ಇಂದು ಸಂಜೆ ಮಗುವಿನೊಡನೆ ಕುಳಿತು, ಮೇಲಿನ ಲೆಕ್ಕವನ್ನು ವೇಗ ಬದಲಿಸಿ ಕಾಗದದ ಮೇಲೆ ಮಾಡಿ ನೋಡಿರೆಂದು ಕೋರುತ್ತೇವೆ.