ನಾಚಿಕೆ ಸ್ವಭಾವದವರಿಗೆ ನರ್ಸಿಂಗ್ ಆಗ್ತದಾ?

ಪಿಯುಸಿ ಮುಗಿಸಿದ ಕುಮಟಾದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಅಕ್ಕಾ, ನಾಲ್ಕು ಜನರ ಮುಂದೆ ನಂಗೆ ಮಾತೇ ಬರೂದಿಲ್ಲ. ನರ್ಸಿಂಗ್ ಆಗ್ತದಾ?" ಮನೆಯವರಿಗೆ ಅನುಮಾನವೇ ಇಲ್ಲ. ಕೆಲಸ ಬೇಗ ಸಿಗ್ತದೆ, ಗಲ್ಫಿಗೂ ಹೋಗಬಹುದು ಅಂತ ಲೆಕ್ಕ. ನನಗೂ ಆ ವಯಸ್ಸಿನಲ್ಲಿ ಇದೇ ಅನುಮಾನ ಇತ್ತು. ಕಂಡಕ್ಟರ್ ಚಿಲ್ಲರೆ ಕೊಡಲು ಮರೆತರೆ ಕೇಳಲು ಹೆದರಿ ಹಾಗೇ ಬಸ್ಸಿಳಿಯುತ್ತಿದ್ದವಳು ನಾನು.

ರೋಗಿಗಳ ಮಟ್ಟಿಗೆ ಹೇಳುವುದಾದರೆ, ಆಗ್ತದೆ. ಮದುವೆ ಮನೆಯಲ್ಲಿ ಏನು ಮಾತಾಡುವುದೆಂದು ಒದ್ದಾಡುವವರಿಗೆ ಹಾಸಿಗೆ ಪಕ್ಕ ಆ ಕಷ್ಟ ಇಲ್ಲ. ನೋವು ಎಲ್ಲಿ, ನಿದ್ದೆ ಬಂತಾ, ಮೂತ್ರ ಹೋಯ್ತಾ? ಇಲ್ಲಿ ಪ್ರತಿ ಮಾತಿಗೂ ಕಾರಣ ಇದೆ. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ದೊಡ್ಡದಾದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಂತ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಪಲ್ಟಿಯಾಗಿ ನಾಲ್ವರು ಸತ್ತಿದ್ದು ನಿಮಗೆ ನೆನಪಿರಬಹುದು. ಹಾಗೆ ದೂರ ಬಂದವರು ಪರಊರಿನ ವಾರ್ಡಿನಲ್ಲಿ ಬಾಯಿ ಬಿಡುವುದಿಲ್ಲ. ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸೊಬ್ಬರು ಮಂಗಳೂರಿನ ನಮ್ಮ ವಾರ್ಡಿನಲ್ಲಿ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ನಾನೂ ಮಾತಾಡಿಸದೆ ಸುಮ್ಮನೆ ಕೂತು ಡ್ರೆಸ್ಸಿಂಗ್ ಮಾಡುತ್ತಿದ್ದೆ. ಮೂರನೇ ದಿನ ದಿಂಬಿನ ಅಡಿಯಿಂದ ಗುಳಿಗೆ ತೆಗೆದು ತೋರಿಸಿದರು. ತಗೊಂಡರೆ ವಾಂತಿ ಬರುತ್ತದೆಂದು ಬಚ್ಚಿಟ್ಟಿದ್ದರು.

ಕಷ್ಟ ಬರುವುದು ಮೇಲಿನವರ ಜೊತೆ ಮಾತಾಡುವಾಗ. ಮೊದಲ ವರ್ಷದ ಒಂದು ನೈಟ್ ಡ್ಯೂಟಿ. ಆಪರೇಷನ್ ಆದವರೊಬ್ಬರ ನಾಡಿ 88ರಿಂದ 104ಕ್ಕೆ, ಆಮೇಲೆ 120ಕ್ಕೆ ಏರಿತು, ಬಿಪಿ ಇಳಿಯಿತು, ಮೈ ತಣ್ಣಗಾಗುತ್ತಿತ್ತು. ಎರಡು ಗಂಟೆಗೇ ನನಗೆ ಗೊತ್ತಾಗಿತ್ತು. ಡಾಕ್ಟರಿಗೆ ಫೋನ್ ಮಾಡಿದ್ದು ಮೂರೂ ಕಾಲಿಗೆ. ಹಿಂದೊಮ್ಮೆ "ಇಷ್ಟಕ್ಕೆಲ್ಲ ಎಬ್ಬಿಸ್ತೀಯಾ?" ಎಂದು ಬೈಸಿಕೊಂಡಿದ್ದೆ. ಒಳಗೆ ರಕ್ತಸ್ರಾವ ಆಗುತ್ತಿತ್ತು. ಮತ್ತೆ ಥಿಯೇಟರಿಗೆ ಒಯ್ದರು, ಬದುಕಿದರು. ಆ ಒಂದೂ ಕಾಲು ಗಂಟೆ ಮಾತ್ರ ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಆಮೇಲೆ ಸೀನಿಯರ್ ಸಿಸ್ಟರ್ ಎಸ್‌ಬಿಎಆರ್ ಕಲಿಸಿದರು. ಅಮೆರಿಕದ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಇದು: ಈಗ ಏನಾಗ್ತಿದೆ, ಹಿಂದೆ ಏನಾಗಿತ್ತು, ನನಗೇನು ಅನಿಸ್ತಿದೆ, ನಿಮ್ಮಿಂದ ಏನು ಬೇಕು. ನಾಲ್ಕು ಸಾಲು ಬರೆದುಕೊಂಡು ಫೋನಿನಲ್ಲಿ ಓದಿದರೆ ಆಯ್ತು. ಧೈರ್ಯ ಬರುವವರೆಗೆ ಕಾಯಬೇಕಿಲ್ಲ. ಆದರೆ ಫೋನ್ ಮುಟ್ಟಿದರೆ ಎದೆ ಹೊಡೆದುಕೊಂಡು ನಿದ್ದೆಯೇ ಬರದಷ್ಟು ಆಗುತ್ತಿದ್ದರೆ ಅದು ನಾಚಿಕೆಯಲ್ಲ, ಆತಂಕದ ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಇನ್ನೊಂದು ಮಾತನ್ನು ಕೌನ್ಸೆಲಿಂಗ್ ಮಾಡುವವರು ಹೇಳುವುದಿಲ್ಲ. ಮಾತಾಡದ ಹುಡುಗಿ ಅಂದರೆ ಮ್ಯಾನೇಜ್‌ಮೆಂಟಿಗೆ ಬಲು ಇಷ್ಟ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂದಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು ಅಂದಿತು. ನನ್ನ ಮೊದಲ ಸಂಬಳ ಅದರ ಅರ್ಧವೂ ಇರಲಿಲ್ಲ. ನಾನು ಕೇಳಲೂ ಇಲ್ಲ. ಒಬ್ಬಳೇ ಹೋಗಿ ಕೇಳುವುದು ಗಟ್ಟಿಗಿತ್ತಿಗೂ ಕಷ್ಟವೇ. ಹನ್ನೆರಡು ಜನ ಒಂದು ಪತ್ರಕ್ಕೆ ಸಹಿ ಹಾಕಿದ ದಿನ ನನ್ನ ಪಾಲಿನ ಕೆಲಸ ಪೆನ್ನು ಹಿಡಿಯುವುದಷ್ಟೇ ಆಗಿತ್ತು. ನಾಚಿಕೆಯವರಿಗೆ ಸಂಘಟನೆ ಬೇಕು ಅನ್ನುವುದು ಅದಕ್ಕೇ.

ಕುಮಟಾದ ಹುಡುಗಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಕಾಲೇಜು ನೋಡಲು ಹೋದಾಗ ಅಪ್ಪನಿಂದ ಕೇಳಿಸಬೇಡ, ನೀನೇ ಕೇಳು. ಕ್ಲಿನಿಕಲ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ? ಅಲ್ಲಿ ಎಷ್ಟು ಹಾಸಿಗೆ? ಬಾಂಡ್ ಬರೆಸಿಕೊಳ್ತೀರಾ? ಮೂಲ ಅಂಕಪಟ್ಟಿ ಇಟ್ಕೊಳ್ತೀರಾ? ಧ್ವನಿ ನಡುಗಿದರೂ ಅಡ್ಡಿಲ್ಲ, ಚೀಟಿ ನೋಡಿ ಓದು ಅಂದೆ.

ಚೀಟಿ ಬರೆದಿಟ್ಟುಕೊಂಡಿದ್ದಾಳಂತೆ.