ಲಕ್ಕಿ ಹೊಗೆ, ಬೇವಿನೆಣ್ಣೆ, ಸೊಳ್ಳೆಯ ಮೂಗು

ಮಳೆಗಾಲದ ಮುಸ್ಸಂಜೆ ಕೊಟ್ಟಿಗೆಯಲ್ಲಿ ಕೆಂಡದ ಮೇಲೆ ಹಸಿ ಲಕ್ಕಿ ಸೊಪ್ಪು ಹಾಕಿ ಹೊಗೆ ಎಬ್ಬಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಆ ಹೊಗೆ ಏನು ಮಾಡುತ್ತದೆಂದು ತಿಳಿಯಬೇಕಾದರೆ ಸೊಳ್ಳೆ ನಮ್ಮನ್ನು ಹುಡುಕಿಕೊಂಡು ಬರುವ ಬಗೆಯನ್ನು ಮೊದಲು ನೋಡಬೇಕು.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತದ ಪ್ರೋಟೀನು ಬೇಕು. ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡಿನ ಜಾಡನ್ನು ಅದು ಹತ್ತಾರು ಮೀಟರ್ ದೂರದಿಂದಲೇ ಹಿಡಿಯುತ್ತದೆ. ಹತ್ತಿರವಾದಂತೆ ಬೆವರಿನ ಲ್ಯಾಕ್ಟಿಕ್ ಆಮ್ಲ, ಕೊನೆಗೆ ಮೈಯ ಬಿಸಿ ದಾರಿ ತೋರುತ್ತವೆ. ದೀಪ ಆರಿಸಿ ಮಲಗಿದರೂ ಅದು ತಪ್ಪದೆ ನಮ್ಮ ಬಳಿಗೆ ಬರುವುದು ಹೀಗೆ.

ಲಕ್ಕಿ, ತುಳಸಿ, ಮಜ್ಜಿಗೆ ಹುಲ್ಲುಗಳಲ್ಲಿ ಬೇಗ ಆವಿಯಾಗುವ ಎಣ್ಣೆಗಳಿವೆ. ಅವುಗಳ ಘಾಟು ಈ ಜಾಡನ್ನು ಕಲಸಿಬಿಡುತ್ತದೆ. ಸೊಳ್ಳೆ ಸಾಯುವುದಿಲ್ಲ, ದೂರ ಸರಿಯುತ್ತದೆ, ಅಷ್ಟೆ. ಬೇಗ ಆವಿಯಾಗುವ ಗುಣವೇ ಇವುಗಳ ಕೊರತೆಯೂ ಹೌದು. ಮಜ್ಜಿಗೆ ಹುಲ್ಲಿನ ರಸ ಕೈಗೆ ಉಜ್ಜಿಕೊಂಡರೆ ಅದರ ಬಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬೇವಿನೆಣ್ಣೆ ಇದಕ್ಕಿಂತ ಗಟ್ಟಿ. ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 2ರಷ್ಟು ಬೇವಿನೆಣ್ಣೆ ಬೆರೆಸಿ ಹಚ್ಚಿಕೊಂಡವರನ್ನು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳು ರಾತ್ರಿಯಿಡೀ ಕಚ್ಚಲಿಲ್ಲವೆಂದು ಭಾರತದ ವಿಜ್ಞಾನಿಗಳು 1993ರಲ್ಲಿ ವರದಿ ಮಾಡಿದ್ದರು. ಮನೆಯಲ್ಲಿ ಮಾಡುವುದಾದರೆ 100 ಮಿಲಿ ಕೊಬ್ಬರಿ ಎಣ್ಣೆಗೆ 2 ಮಿಲಿ ಬೇವಿನೆಣ್ಣೆ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಸವರಿ, ಉರಿ ಬರುತ್ತದೆಯೇ ನೋಡಿ. ಕೂಸುಗಳ ಬಾಯಿಗೆ ಬೇವಿನೆಣ್ಣೆಯಾಗಲಿ ಕರ್ಪೂರವಾಗಲಿ ಹೋಗಲೇಬಾರದು, ಎರಡೂ ಅವಕ್ಕೆ ವಿಷ. ಹೊಗೆಯ ವಿಷಯದಲ್ಲೂ ಎಚ್ಚರ ಬೇಕು. ಗಾಳಿಯಾಡುವ ಕೊಟ್ಟಿಗೆಗೆ ಒಪ್ಪುವ ಹೊಗೆ ಕಿಟಕಿ ಮುಚ್ಚಿದ ಮಲಗುವ ಕೋಣೆಗೆ ಒಪ್ಪುವುದಿಲ್ಲ. ಗಿಡದ್ದಾದರೂ ಹೊಗೆ ಹೊಗೆಯೇ.

ಇಷ್ಟೆಲ್ಲ ಮಾಡಿದರೂ ಒಂದು ಸೊಳ್ಳೆ ಕೈಗೆ ಸಿಗುವುದಿಲ್ಲ. ಡೆಂಗಿ ಹರಡುವ ಏಡಿಸ್ ಕಚ್ಚುವುದು ಹಗಲಿನಲ್ಲಿ. ಸಂಜೆ ಹಾಕಿದ ಹೊಗೆ, ರಾತ್ರಿ ಕಟ್ಟಿದ ಪರದೆ ಅದಕ್ಕೆ ಲೆಕ್ಕಕ್ಕಿಲ್ಲ. ಅದನ್ನು ತಡೆಯುವ ಉಪಾಯದ ಎಳೆಯೊಂದು ಬೆಂಗಳೂರಿನಲ್ಲೇ ಸಿಕ್ಕಿತ್ತು. 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿಯಾಚೆಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಓಡಾಡುವುದನ್ನು ಕಂಡು ತೊಟ್ಟಿಯನ್ನೇ ಮಗುಚಿದರು. ಸೊಳ್ಳೆಕಾಟ ಇಳಿಯಿತು. 14 ವರ್ಷಗಳ ನಂತರ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡುಹಿಡಿದವರೂ ಇವರೇ.

ನನ್ನ ಮಟ್ಟಿಗೆ ಮನೆಮದ್ದುಗಳಲ್ಲಿ ಮೊದಲನೆಯದು ಆ ತೊಟ್ಟಿ ಮಗುಚಿದ ಕೆಲಸವೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ತಾರಸಿಯ ಮೇಲಿನ ಒಡೆದ ಬಕೆಟ್ಟು, ಹಳೇ ಟೈರು, ತೆಂಗಿನ ಚಿಪ್ಪು ಎಲ್ಲವನ್ನೂ ಖಾಲಿ ಮಾಡಿ. ನೀರು ಚೆಲ್ಲಿದ ಮೇಲೆ ಪಾತ್ರೆಯ ಒಳಗೋಡೆಯನ್ನು ನಾರು ಹಾಕಿ ಉಜ್ಜುವುದನ್ನು ಮರೆಯಬೇಡಿ. ಅಲ್ಲಿ ಅಂಟಿಕೊಂಡ ಏಡಿಸ್ ಮೊಟ್ಟೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.