ಕೀಲಿಮಣೆ ಇಲ್ಲದ ಗಣಕಯಂತ್ರಗಳು

ಕಳೆದ ದೀಪಾವಳಿಯ ರಜೆಯಲ್ಲಿ ನಾನು ಔರಾದಿನಲ್ಲಿರುವ ನಮ್ಮ ಕಾಕಾನ ಮನೆಗೆ ಹೋಗಿದ್ದೆನು. ಸೋಯಾ ಮಾರಿದ ಹಣ ಆಗತಾನೆ ಕೈಗೆ ಬಂದಿತ್ತು. ಕಾಕಾನ ಮಗನು ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಬೇಕೆಂದು ಹಟ ಹಿಡಿದಿದ್ದನು. ಪಿ.ಯು.ಸಿ. ಓದುತ್ತಿರುವ ಅವನ ಅಕ್ಕನು ಕಂಪ್ಯೂಟರ್ ಬೇಕೆನ್ನುತ್ತಿದ್ದಳು. ಎರಡಕ್ಕೂ ಸಾಲುವಷ್ಟು ಹಣವಿರಲಿಲ್ಲ. ಕಾಕಾ ನನ್ನನ್ನು ಕರೆದು, "ನೀ ಬೀದರದಾಗ ಕಾಲೇಜ್ ಓದಲಾಕತ್ತಿ. ಎರಡೂ ಒಂದೇ ಜಾತಿ ಮಷೀನ್ ಅಂತಾನ ಇವ. ಖರೇನಾ?" ಎಂದು ಕೇಳಿದನು.

ಪ್ರಶ್ನೆ ಸಣ್ಣದು, ಆದರೆ ಉತ್ತರ ಕೂಡಲೇ ಹೊಳೆಯಲಿಲ್ಲ. ಹುಡುಕುತ್ತ ಹೋದಾಗ ಒಂದು ಕಂಪನಿಯ ಕಥೆ ದೊರೆಯಿತು. ಈಗ ಬಹುಮಂದಿ ಮರೆತಿರುವ ಆ ಕಥೆಯನ್ನು ವಾಚಕರ ಮುಂದೆ ಇಡುತ್ತೇನೆ.

ಆ ಕಂಪನಿಯ ಹೆಸರು ಕಮೊಡೋರ್. ಅದನ್ನು ಕಟ್ಟಿದವನು ಜ್ಯಾಕ್ ಟ್ರಾಮಿಯೆಲ್. ಪೋಲೆಂಡಿನಲ್ಲಿ ಹುಟ್ಟಿ, ಹಿಟ್ಲರನ ಸೆರೆಶಿಬಿರಗಳಿಂದ ಬದುಕಿ ಬಂದ ಈತನು ಅಮೆರಿಕದಲ್ಲಿ ಟೈಪ್‌ರೈಟರ್ ದುರಸ್ತಿಯಿಂದ ಜೀವನ ಆರಂಭಿಸಿದನು. 1950ರ ದಶಕದಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಟೈಪ್‌ರೈಟರ್ ವ್ಯಾಪಾರ ಹೂಡಿದನು. ಅಲ್ಲಿಂದ ಕೂಡುವ ಯಂತ್ರ, ಕ್ಯಾಲ್ಕ್ಯುಲೇಟರ್, ಕೊನೆಗೆ 1977ರಲ್ಲಿ 'ಪೆಟ್' ಎಂಬ ಗಣಕಯಂತ್ರ. ಕೀಲಿಮಣೆಯೇ ಈ ಕಂಪನಿಯ ಹುಟ್ಟುಗುಣವೆಂದರೆ ತಪ್ಪಾಗಲಾರದು.

1982ರಲ್ಲಿ 'ಕಮೊಡೋರ್ 64' ಹೊರಬಂದಿತು. 64 ಎಂಬುದು ಅದರ ಸ್ಮರಣಶಕ್ತಿಯ ಅಳತೆ, ಅರವತ್ನಾಲ್ಕು ಕಿಲೋಬೈಟು. ನೋಡಲಿಕ್ಕೆ ದಪ್ಪನೆಯ ಒಂದು ಕೀಲಿಮಣೆ, ಅಷ್ಟೇ. ಯಂತ್ರವೆಲ್ಲವೂ ಅದರ ಹೊಟ್ಟೆಯೊಳಗೆ. ಟಿ.ವಿ.ಗೆ ಜೋಡಿಸಿ ಗುಂಡಿ ಒತ್ತಿದೊಡನೆ, ತಾನು ಸಿದ್ಧವೆಂಬ ಮಾತು ಪರದೆಯ ಮೇಲೆ ಮೂಡಿ, ಒಂದು ಚೌಕವು ಮಿಣುಕುತ್ತ ನಿಲ್ಲುತ್ತಿತ್ತು. ಅಂದರೆ ಯಂತ್ರವು ಮೊದಲು ತಾನು ಮಾತನಾಡದೆ, ಎದುರಿಗಿದ್ದವನ ಮಾತಿಗಾಗಿ ಕಾಯುತ್ತಿತ್ತು. ಹುಡುಗರು ಆಟವಾಡಲೆಂದು ಅದನ್ನು ತರಿಸಿಕೊಂಡರು; ಆಡಿ ಬೇಸರವಾದಾಗ 'ಬೇಸಿಕ್' ಭಾಷೆಯಲ್ಲಿ ತಾವೇ ನಾಲ್ಕು ಸಾಲು ಬರೆದು ನೋಡಿದರು. ಹೀಗೆ ಆಟದಿಂದ ಪಾಠಕ್ಕೆ ದಾಟಿದವರು ಎಷ್ಟೋ ಮಂದಿ. ಈ ಯಂತ್ರವು ಒಂದು ಕೋಟಿಗಿಂತ ಹೆಚ್ಚು ಮಾರಾಟವಾಯಿತು.

ಇಷ್ಟು ಗೆದ್ದ ಕಂಪನಿಗೆ ಬರಿಯ ಆಟದ ಪೆಟ್ಟಿಗೆಯ ಮೇಲೆ ಮತ್ತೆ ಮತ್ತೆ ಆಸೆ ಹುಟ್ಟಿದುದೇ ವಿಚಿತ್ರ.

ಮೊದಲ ಪ್ರಯತ್ನ 1982ರಲ್ಲಿಯೇ ಜಪಾನಿನಲ್ಲಿ ನಡೆಯಿತು. ಅದರ ಹೆಸರು 'ಮ್ಯಾಕ್ಸ್ ಮಷೀನ್'. ಕೀಲಿಮಣೆ ಇತ್ತಾದರೂ ಅದು ಚಪ್ಪಟೆ ಹಾಳೆಯಂತಹುದು. ಸ್ಮರಣಶಕ್ತಿ ಕೇವಲ ಎರಡು ಕಿಲೋಬೈಟು. ಬೇಸಿಕ್ ಬೇಕೆಂದರೆ ಬೇರೆ ಕಾರ್ಟ್ರಿಡ್ಜ್ ಕೊಳ್ಳಬೇಕು. ನಮ್ಮ ಪೇಟೆಯ ಹುಡುಗರು ಗೇಮಿನ ಕ್ಯಾಸೆಟ್ ಎನ್ನುತ್ತಾರಲ್ಲ, ಅದೇ ಕಾರ್ಟ್ರಿಡ್ಜ್. ಬೆಲೆ 34,800 ಯೆನ್. ಮರುವರ್ಷ ನಿಂಟೆಂಡೊ ಕಂಪನಿಯು ಆಟಕ್ಕೆಂದೇ ಮಾಡಿದ ತನ್ನ 'ಫ್ಯಾಮಿಕಾಮ್' ಪೆಟ್ಟಿಗೆಯನ್ನು 14,800 ಯೆನ್ನಿಗೆ ತಂದಿತು. ಅತ್ತ ಪೂರ್ಣ ಗಣಕವಲ್ಲದ, ಇತ್ತ ಅಗ್ಗದ ಆಟಿಕೆಯೂ ಅಲ್ಲದ ಮ್ಯಾಕ್ಸ್ ಬಹುಬೇಗ ಕಣ್ಮರೆಯಾಯಿತು.

ಎರಡನೆಯದು 1990ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಂದ 'ಕಮೊಡೋರ್ 64 ಗೇಮ್ಸ್ ಸಿಸ್ಟಮ್'. ಹಳೆಯ 64ರ ಯಂತ್ರವನ್ನೇ ತೆಗೆದುಕೊಂಡು, ಕೀಲಿಮಣೆಯನ್ನು ಕಿತ್ತುಹಾಕಿ, ಮೇಲೊಂದು ಕಾರ್ಟ್ರಿಡ್ಜ್ ಬಾಯಿ ಇಟ್ಟು ನೂರು ಪೌಂಡಿಗೆ ಮಾರಲು ಹೊರಟರು. ಹಳೆಯ ಯಂತ್ರಕ್ಕಾದರೆ ಹಾಡಿನ ಟೇಪಿನಂತಹ ಟೇಪುಗಳಲ್ಲಿ ಎರಡು ಮೂರು ಪೌಂಡಿಗೇ ಆಟಗಳು ದೊರೆಯುತ್ತಿದ್ದವು. ಹೊಸ ಪೆಟ್ಟಿಗೆಗೆ ಟೇಪು ಜೋಡಿಸುವಂತಿಲ್ಲ. ದುಬಾರಿ ಕಾರ್ಟ್ರಿಡ್ಜೇ ಗತಿ. ಮೂಗಿಗಿಂತ ಮೂಗುತಿ ಭಾರವಾಯಿತು. ಇನ್ನೂ ತಮಾಷೆಯ ಸಂಗತಿಯೆಂದರೆ, 'ಟರ್ಮಿನೇಟರ್ 2' ಎಂಬ ಆಟದ ಕಾರ್ಟ್ರಿಡ್ಜ್ ಈ ಪೆಟ್ಟಿಗೆಗೆ ಸರಿಯಾಗಿ ಕೂರುತ್ತಿತ್ತು. ಆದರೆ ಆಟ ಮುಂದುವರಿಯಬೇಕಾದರೆ ಕೀಲಿಮಣೆಯ ಒಂದು ಕೀಲಿಯನ್ನು ಒತ್ತಬೇಕಾಗಿತ್ತು. ಇಲ್ಲದ ಕೀಲಿಯನ್ನು ಒತ್ತುವುದೆಂತು?

ಮೂರನೆಯದು 1991ರ 'ಸಿ.ಡಿ.ಟಿ.ವಿ.'. ಕಂಪನಿಯ 'ಅಮಿಗಾ' ಗಣಕವನ್ನೇ ಕಪ್ಪು ಪೆಟ್ಟಿಗೆಯಲ್ಲಿಟ್ಟು, ಕೀಲಿಮಣೆ ತೆಗೆದು, ಸಿ.ಡಿ. ಹಾಕುವಂತೆ ಮಾಡಿದ ಯಂತ್ರವಿದು. ಬೆಲೆ ಸಾವಿರ ಡಾಲರಿನ ಸಮೀಪ. ಇದೂ ಓಡಲಿಲ್ಲ.

ಕೊನೆಯದು 'ಅಮಿಗಾ ಸಿ.ಡಿ. 32'. 1993ರ ಜುಲೈ ತಿಂಗಳಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಅದರ ಅನಾವರಣವಾಯಿತು. ಹಿಂದಿನವುಗಳಿಗಿಂತ ಇದು ನಿಜವಾಗಿಯೂ ಒಳ್ಳೆಯ ಯಂತ್ರ. ಬೇಕಾದವರು ಕೀಲಿಮಣೆ ಜೋಡಿಸಿಕೊಳ್ಳಲು ಪಕ್ಕದಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿದ್ದರು. ಆದರೆ ಬುದ್ಧಿ ಬರುವಷ್ಟರಲ್ಲಿ ಬೊಕ್ಕಸ ಬರಿದಾಗಿತ್ತು. ಮೇಲಾಗಿ ಒಂದು ಪೇಟೆಂಟಿನ ಹಣ ಕೊಡದ ಕಾರಣ ಅಮೆರಿಕದಲ್ಲಿ ಅದರ ಮಾರಾಟಕ್ಕೆ ತಡೆ ಬಿದ್ದಿತು. 1994ರ ಏಪ್ರಿಲ್ 29ರಂದು ಕಮೊಡೋರ್ ದಿವಾಳಿಯೆಂದು ಘೋಷಿಸಿಕೊಂಡಿತು.

ಹಾಗಾದರೆ ಕೀಲಿಮಣೆ ಇಲ್ಲದುದೇ ದೋಷವೇ? ಹಾಗೆಂದು ಹೇಳಲಾಗದು. ನಿಂಟೆಂಡೊ ಪೆಟ್ಟಿಗೆಗೂ ಕೀಲಿಮಣೆ ಇರಲಿಲ್ಲ. ಆದರೆ ಆಟವನ್ನು ಕಟ್ಟುವುದೇ ಆ ಕಂಪನಿಯ ಕುಶಲತೆಯಾಗಿತ್ತು. ಕಮೊಡೋರಿನ ಸತ್ತ್ವವಿದ್ದುದು ಬರೆಯಬಲ್ಲ ಯಂತ್ರದಲ್ಲಿ. ಅದನ್ನು ತೆಗೆದ ಮೇಲೆ ಉಳಿದುದು ಹಳೆಯ ಆಟದ ಪೆಟ್ಟಿಗೆ ಮಾತ್ರ.

ಇಲ್ಲಿ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ಬೆಂಗಳೂರಿನಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ತೋರಿಸಿದರು. ಅದಕ್ಕೂ ಕೀಲಿಮಣೆ ಇರಲಿಲ್ಲ. ಆದರೆ ಅಕ್ಷರ ಬಾರದವರಿಗೂ ಉಪಯೋಗವಾಗಲೆಂದು ಅದನ್ನು ಬಿಟ್ಟು, ಬದಲಾಗಿ ಕನ್ನಡದಲ್ಲಿ ಓದಿ ಹೇಳುವ ಧ್ವನಿಯನ್ನು ಕೊಟ್ಟಿದ್ದರು. ಮಾರಾಟದಲ್ಲಿ ಅದೂ ಸೋತಿತು. ಉದ್ದೇಶದಲ್ಲಿ ಸೋತಿತೆನ್ನಲು ಮನಸ್ಸು ಒಪ್ಪದು. ಒಂದನ್ನು ತೆಗೆದವರು ಅದರ ಜಾಗದಲ್ಲಿ ಏನನ್ನಿಟ್ಟರು ಎಂಬುದೇ ಮುಖ್ಯ.

ನಾನು ಚಿಕ್ಕವನಿದ್ದಾಗ ಭಾಲ್ಕಿಯ ಸೋದರಮಾವನ ಮನೆಯಲ್ಲಿ ಒಂದು ಟಿ.ವಿ. ಗೇಮ್ ಇತ್ತು, ನಿಂಟೆಂಡೊ ಪೆಟ್ಟಿಗೆಯ ನಕಲು, ಆದರೆ ಕೀಲಿಮಣೆಯ ಆಕಾರದ್ದು. ಕಂಪ್ಯೂಟರಿನಂತೆ ಕಾಣಲಿ, ತಂದೆತಾಯಿಗಳು ಒಪ್ಪಲಿ ಎಂಬುದು ಅದನ್ನು ಮಾಡಿದವರ ಉಪಾಯವಿದ್ದೀತು. ಗಣಕ ಮಾಡುವವರು ಕೀಲಿ ಕಿತ್ತರೆ, ಆಟಿಕೆ ಮಾಡುವವರು ಕೀಲಿ ಅಂಟಿಸಿದರು! ಆದರೂ ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ನಾನು ಮೊದಲು ಒತ್ತಿ ನೋಡಿದುದು ಅದರ ಮೇಲೆಯೇ.

ಕಾಕಾನಿಗೆ ಇಷ್ಟನ್ನೂ ಹೇಳಲಿಲ್ಲ. "ಒಳಗಿನ ಮಷೀನ್ ಒಂದೇ ಜಾತಿ, ಕಾಕಾ. ಆದರ ಒಂದರ ಮುಂದ ಕೂತು ಆಡಬಹುದು, ಇನ್ನೊಂದರ ಮುಂದ ಆಡಲೂಬಹುದು, ಬರೀಲೂಬಹುದು," ಎಂದೆನು. ಬೀದರಿನ ಅಂಗಡಿಯೊಂದರಿಂದ ಬಳಸಿದ ಕಂಪ್ಯೂಟರೊಂದನ್ನು ತಂದೆವು. ತಮ್ಮನು ಅದರಲ್ಲಿಯೇ ಆಡುತ್ತಾನೆ, ತನಗೆ ಬೇಕಾದ ಆಟ ಓಡುವುದಿಲ್ಲವೆಂದು ಇನ್ನೂ ಗೊಣಗುತ್ತಾನೆ. ಅವನ ಅಕ್ಕನು ಕನ್ನಡ ಅಕ್ಷರಗಳು ಯಾವ ಯಾವ ಕೀಲಿಯಲ್ಲಿವೆ ಎಂದು ಒಂದೊಂದಾಗಿ ಹುಡುಕುತ್ತಿದ್ದಾಳೆ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಇಂದು ಮೊಬೈಲು ಇದೆ. ಅದರಲ್ಲಿ ನಾವು ನೋಡುವುದೆಷ್ಟು, ಬರೆಯುವುದೆಷ್ಟು ಎಂಬುದನ್ನು ಮಿತ್ರರು ತಾವೇ ಎಣಿಸಿ ನೋಡಬಹುದು.